ಮೂವತ್ತೊಂದನೆಯ ಮನೆಯ ಭಾರ

ನಮ್ಮೂರಿನಲ್ಲಿ ತನ್ನ ಮೂಟೆಯನ್ನು ತಾನೇ ಎತ್ತಿದವರು ಯಾರೂ ಇಲ್ಲ. ಸೋಮಾರಿತನವೆಂದು ತಿಳಿಯಬೇಡಿ, ಏಳುವುದಿಲ್ಲ ಅಷ್ಟೆ. ಒಂದು ಬೊಗಸೆಯಷ್ಟಿದ್ದರೆ ಅಡ್ಡಿಯಿಲ್ಲ. ಅದಕ್ಕಿಂತ ದೊಡ್ಡದು ಯಾವುದೇ ಇರಲಿ, ಯಾರದೋ ಅವರ ಕೈಗೆ ಮಾತ್ರ ಬಾರದು. ಬೇರೆ ಯಾರು ಬಗ್ಗಿದರೂ ಹತ್ತಿಯ ಹಾಗೆ ಎದ್ದು ಬರುತ್ತದೆ. ಗೋಧಿ ಕೊಯ್ಲಿನ ಹೊತ್ತಿಗೆ ಬಂದರೆ ನೋಡಬಹುದು, ಉಜಾಗರ್ ಸಿಂಗರ ಚೀಲಗಳನ್ನು ಪಕ್ಕದ ಹೊಲದವರು ಹೊರುತ್ತಿರುತ್ತಾರೆ, ಪಕ್ಕದ ಹೊಲದವರ ಚೀಲಗಳನ್ನು ಉಜಾಗರ್ ಸಿಂಗರು. ಮೈಮೇಲಿನ ಬಟ್ಟೆಗೆ, ತಲೆಯ ಪಗಡಿಗೆ ಈ ಕಟ್ಟಳೆ ಇಲ್ಲ. ತಾಯಂದಿರು ತಮ್ಮ ಕೂಸುಗಳನ್ನು ಸಲೀಸಾಗಿ ಎತ್ತಿ ಸೊಂಟಕ್ಕೇರಿಸುತ್ತಾರೆ. ಅದನ್ನು ಕಂಡೇ ನಮ್ಮ ಹಿರಿಯರು ಮಕ್ಕಳು ನಮ್ಮ ಸ್ವತ್ತಲ್ಲ ಎಂದು ತೀರ್ಮಾನಿಸಿ ಸುಮ್ಮನಾದರು. ಕಳ್ಳರ ಪಾಡು ಮಾತ್ರ ನೋಡುವ ಹಾಗಿರುತ್ತದೆ. ಕದ್ದ ಗಂಟು ಹೊತ್ತು ಊರ ಗಡಿಯವರೆಗೂ ಹಗುರವಾಗಿ ಓಡುತ್ತಾರೆ. ಇನ್ನು ಇದು ನನ್ನದು ಎಂದು ಒಳಗೊಳಗೇ ಹಿಗ್ಗಿದ ಕೂಡಲೇ ಗಂಟು ಜಾರಿ ಕಾಲ ಮೇಲೆ ಬೀಳುತ್ತದೆ. ಹಾಗಾಗಿ ಕುಂಟುವ ಅಪರಿಚಿತನನ್ನು ಕಂಡರೆ ನಮ್ಮವರು ಮೊದಲು ಬಾಗಿಲು ಹಾಕಿಕೊಳ್ಳುತ್ತಾರೆ, ಆಮೇಲೆ ಮಾತಾಡಿಸುತ್ತಾರೆ.

ನನ್ನ ಹೆಸರು ಮೌನೇಶ. ಹೆಸರಿಗೂ ನನ್ನ ಬಾಯಿಗೂ ಎಣ್ಣೆ ಸೀಗೆಕಾಯಿ ಎಂದು ಊರವರು ಆಡಿಕೊಳ್ಳುತ್ತಾರೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಯಾರದೋ ಕುರಿ ಹಿಂಡಿನ ಹಿಂದೆ ಈ ದಾರಿಯಲ್ಲಿ ಬಂದೆ. ಸಿಖ್ಖರ ಊರು, ಗುರುದ್ವಾರದ ಲಂಗರಿನಲ್ಲಿ ಎಲ್ಲರ ಜೊತೆ ನೆಲದ ಮೇಲೆ ಕೂರಿಸಿ ರೊಟ್ಟಿ, ದಾಲು ಬಡಿಸಿದರು. ಇನ್ನೊಂದು ಊಟ ಮುಗಿಸಿ ಹೋದರಾಯಿತು ಎಂದು ಉಳಿದೆ. ಕುರಿಗಳು ಮುಂದೆ ಹೋದವು. ನಾನು ಇಪ್ಪತ್ತೊಂಬತ್ತು ವರ್ಷದಿಂದ ಆ ಇನ್ನೊಂದು ಊಟವನ್ನು ಮುಗಿಸುತ್ತಲೇ ಇದ್ದೇನೆ. ನನ್ನದೆನ್ನುವುದು ಏನೂ ಇಲ್ಲದ್ದರಿಂದ ಊರಿನಲ್ಲಿದ್ದ ಪ್ರತಿಯೊಂದು ವಸ್ತುವೂ ನನಗೆ ಹಗುರ. ಬೀಸುವ ಕಲ್ಲು, ಮದುವೆಯ ಟ್ರಂಕು, ಟ್ರ್ಯಾಕ್ಟರಿನ ಗಾಲಿ, ಏನಿದ್ದರೂ "ಮೌನಾ, ಬಾರೋ" ಎಂದರೆ ಸಾಕಿತ್ತು. ಜನ ಹೊಗಳುತ್ತಿದ್ದರು, ನಾನೂ ಹಲ್ಲು ಕಿರಿಯುತ್ತಿದ್ದೆ. ಆದರೆ ನಿಜ ಹೇಳುತ್ತೇನೆ, ಸಂಜೆ ಒಬ್ಬೊಬ್ಬರೂ ತಮ್ಮ ತಮ್ಮ ಅಂಗಳದಲ್ಲಿ, ತಮಗೆ ಜಗ್ಗದ ಸಾಮಾನುಗಳ ನಡುವೆ ಕಾಲು ಚಾಚಿ ಕೂರುವುದನ್ನು ನೋಡಿದರೆ ನನ್ನ ಹೊಟ್ಟೆಯೊಳಗೆ ಉರಿಯುತ್ತಿತ್ತು. ನನಗೂ ಒಂದು, ಒಂದೇ ಒಂದು, ಎತ್ತಿದರೆ ಏಳದಂಥದ್ದು ಬೇಕಿತ್ತು.

ಉಜಾಗರ್ ಸಿಂಗರ ವಿಚಾರಕ್ಕೆ ಬರುತ್ತೇನೆ, ಹೊಸ ಊರಿನ ಹುಚ್ಚು ಹತ್ತಿದ್ದು ಅವರಿಗೇ. ಎಪ್ಪತ್ತರ ಮುದುಕರು. ನಲವತ್ತು ವರ್ಷ ಬೆಳೆಗೆ ಔಷಧಿ ಹೊಡೆದು ಹೊಡೆದು ಅವರ ಮೂಗು ಸತ್ತುಹೋಗಿತ್ತು. ಮೊದಲ ಮಳೆ ಬಿದ್ದರೆ ಸಾಕು, ನನ್ನನ್ನು ಹೊಲದ ಬದುವಿಗೆ ಎಳೆದುಕೊಂಡು ಹೋಗಿ, "ಮಣ್ಣಿನ ವಾಸ್ನಿ ಹ್ಯಾಂಗ ಬರ್ಲಕತ್ತದ ಹೇಳು ಮೌನಾ" ಎನ್ನುತ್ತಿದ್ದರು. ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ, ಹುರಿದ ಕಡಲೆ, ಹಸಿ ಗಡಿಗೆ, ಬಾಣಂತಿ ಕೋಣೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಹಾಗೆ ಕೇಳಿ ಕೇಳಿಯೇ ಅವರಿಗೆ ತಲೆ ಕೆಟ್ಟಿರಬೇಕು. ಒಂದು ದಿನ ಗುರುದ್ವಾರದಲ್ಲಿ ಗ್ರಂಥಪಾಠ ಮುಗಿದ ಮೇಲೆ ಎದ್ದು ನಿಂತು, ಊರ ಬಡಗಣ ಚೌಳು ನೆಲದಲ್ಲಿ ಮೂವತ್ತು ಮನೆಗಳ ಹೊಸ ಊರು ಕಟ್ಟೋಣ ಎಂದರು. ಭತ್ತದ ಹುಲ್ಲು ಸುಟ್ಟು ಹೊಗೆ ಎಬ್ಬಿಸುವ ಬದಲು ಕೆಸರಿಗೆ ಕಲಸಿ ಇಟ್ಟಿಗೆ ಮಾಡುವುದು, ಸೂರಿನ ನೀರು ಕೆರೆಗೆ, ಬಚ್ಚಲ ನೀರು ಬಾಳೆಗೆ, ಸಗಣಿಯ ಗ್ಯಾಸು ಒಲೆಗೆ, ಗ್ಯಾಸು ಕೊಟ್ಟು ಉಳಿದ ರಾಡಿ ಹೊಲಕ್ಕೆ. ಔಷಧಿಯ ಡಬ್ಬಿ ಆ ಊರಿನ ಗಡಿ ದಾಟಬಾರದು.

"ವಾಪಸ್ ಮಣ್ಣಿನ ಮನಿಗಿ ಹೋಗ್ಲಕ್ಕ ನಮ್ಮಜ್ಜ ಸಿಮೆಂಟ್ ತಂದಿದ್ದನೇನ್ರಿ?" ಎಂದು ಒಬ್ಬರು ಕೇಳಿದರು. "ನಿಮ್ಮಜ್ಜಗ ಬ್ಯಾಸಿಗ್ಯಾಗ ಆ ಸಿಮೆಂಟ್ ಮನಿಯೊಳಗ ಮಲಗ್ಸಿದ್ದಿ ಅಂದ್ರ ಅವನೇ ಒಡೀತಿದ್ದ" ಎಂದರು ಉಜಾಗರ್ ಸರದಾರರು. ಹೀಗೇ ಒಂದು ವರ್ಷ ಮಾತು ನಡೆಯಿತು. ಆ ವರ್ಷ ಕೊಳವೆಬಾವಿಗಳಲ್ಲಿ ಬಂದ ನೀರಿನಲ್ಲಿ ಬೇಳೆ ಬೇಯಲಿಲ್ಲ. ಬೇಳೆ ಬೇಯದಿದ್ದರೆ ಲಂಗರಿಲ್ಲ. ಮೂವತ್ತು ಮನೆಯವರು ಒಪ್ಪಿದರು.

ಚಳಿಗಾಲ ಮುಗಿಯುವ ಹೊತ್ತಿಗೆ ಇಟ್ಟಿಗೆಗಳು ಒಣಗಿ ಸಾಲಾಗಿ ನಿಂತಿದ್ದವು. ಕೆಲಸ ಶುರುವಾಗುವ ಹಿಂದಿನ ದಿನ ಉಜಾಗರ್ ಸಿಂಗರು ಎಲ್ಲರನ್ನೂ ಸೇರಿಸಿದರು. ಯಾವ ಮನೆ ಯಾರದೆಂದು ಮೊದಲೇ ಗೊತ್ತಾದರೆ ಒಬ್ಬ ಕಿಟಕಿಗೆ ಒಂದು ಇಟ್ಟಿಗೆ ಹೆಚ್ಚು ಇಡಿಸುತ್ತಾನೆ, ಇನ್ನೊಬ್ಬನಿಗೆ ಹೊಟ್ಟೆಕಿಚ್ಚು, ಆದ್ದರಿಂದ ಚೀಟಿ ಎತ್ತುವುದು ಎಲ್ಲ ಮುಗಿದ ಮೇಲೆ. "ಅಲ್ಲೀತನಕ ನಂದು ನಿಂದು ಅನ್ನೋದೇ ಬ್ಯಾಡ. ಈ ಮಣ್ಣು, ಈ ಇಟ್ಟಂಗಿ, ಈ ತೊಲಿ, ಎಲ್ಲಾ ಎಲ್ಲರದು" ಎಂದರು. ಅರ್ದಾಸ್ ಪ್ರಾರ್ಥನೆ ಆಯಿತು. ಕೈ ಜೋಡಿಸಿ ನಿಂತ ಜನರೆಲ್ಲ ಮನಸಾರೆ ಒಪ್ಪಿದರು, ಜೈಕಾರ ಹಾಕಿದರು, ಕೆಲವರು ಅತ್ತರು. ಮನಸಾರೆ ಒಪ್ಪಿದ್ದೇ ಮುಳುವಾಯಿತು.

ಮರುದಿನ ಬೆಳಗ್ಗೆ ನೂರೈವತ್ತು ಜನ ತಲೆಗೆ ಸಿಂಬೆ ಇಟ್ಟುಕೊಂಡು ಬಂದು ಬಗ್ಗಿದರು. ಒಂದು ಇಟ್ಟಿಗೆಯೂ ಏಳಲಿಲ್ಲ. ಎಲ್ಲರದೂ ಆಗಿತ್ತಲ್ಲ, ಹಾಗಾಗಿ ಎಲ್ಲರಿಗೂ ಭಾರವಾಗಿತ್ತು. ಪೈಲ್ವಾನರಂಥವರು ಒಂದು ಬುಟ್ಟಿ ಮಣ್ಣಿಗೆ ಜೋತು ಬಿದ್ದು ಮುಖ ಕೆಂಪಗೆ ಮಾಡಿಕೊಂಡರು. ಸೇವೆ ಮಾಡಬೇಕೆಂದು ಬಂದವರಿಗೆ ಸೇವೆಯೇ ಇಲ್ಲ. ನಾನೊಬ್ಬ ಮಾತ್ರ ಎಂದಿನಂತೆ ಎರಡೆರಡು ಬುಟ್ಟಿ ಹೊತ್ತು ಓಡಾಡುತ್ತಿದ್ದೆ. ಮಧ್ಯಾಹ್ನದವರೆಗೂ ಹೊತ್ತೆ. ಜನ ನನಗೆ ದಾರಿ ಬಿಟ್ಟು ನಿಂತು ನೋಡಿದರು. ಹೀಗೇ ಹೊತ್ತರೆ ಮೂವತ್ತು ಮನೆ ಮುಗಿಯಲು ನನಗೆ ನೂರಿಪ್ಪತ್ತು ವರ್ಷವಾಗಬೇಕು ಎಂದು ಯಾರೋ ಲೆಕ್ಕ ಹಾಕಿದರು. ನಗು ಎದ್ದಿತು.

ನಗದೆ ನಿಂತವರು ಬಚಿಂತ್ ಕೌರ್ ಒಬ್ಬರೇ. ನಾನು ಅವರನ್ನು ಅಕ್ಕಾಜಿ ಎನ್ನುತ್ತಿದ್ದೆ. ಅರವತ್ತು ದಾಟಿದ ಹೆಂಗಸು, ಮದುವೆಯಾದ ಮೂರನೆಯ ವರ್ಷಕ್ಕೆ ಗಂಡ ತೀರಿಕೊಂಡ. ಅಂದಿನಿಂದ ಮೈದುನನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದರು. ಊರಿನಲ್ಲಿ ಯಾರ ಮನೆ ಕಟ್ಟಲಿ, ಯಾರ ಸುಗ್ಗಿಯಾಗಲಿ, ಮೊದಲ ಬುಟ್ಟಿ ಅವರ ತಲೆಯ ಮೇಲೆ. ಕೂತದ್ದನ್ನು ಕಂಡವರಿಲ್ಲ. ಅವರು ತಲೆ ಮೇಲಿನ ಚುನ್ನಿಯನ್ನು ಸೆರಗಿನಂತೆ ಸಿಕ್ಕಿಸಿಕೊಂಡು ಹತ್ತಿರ ಬಂದು, "ನಿನಗಷ್ಟೇ ಯಾಕೋ ಏಳ್ಲಕತ್ತಾವ ಮೌನಾ?" ಎಂದು ಕೇಳಿದರು.

"ನಾ ಎಲ್ಲರೊಳಗ ಇಲ್ಲಲ್ರಿ ಅಕ್ಕಾಜಿ" ಎಂದೆ. ಚುಚ್ಚಬೇಕೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದೆ. ಆದರೆ ನಗು ನಿಂತುಹೋಯಿತು. ಇಪ್ಪತ್ತಾರು ವರ್ಷ ಅವರ ಮನೆಮನೆಯ ಗೋಧಿ ಹೊತ್ತವನನ್ನು ಎಣಿಸುವುದನ್ನೇ ಮರೆತಿದ್ದರು. ಉಜಾಗರ್ ಸಿಂಗರು ಗಡ್ಡ ನೀವಿಕೊಂಡು, "ಮೂವತ್ತಲ್ಲ, ಮೂವತ್ತೊಂದು. ಕಡೀ ಸಾಲಿನ ಮೂಲಿಯೊಳಗ ಮೌನಾನ ಮನಿ. ಅದಕ್ಕ ಚೀಟಿ ಗೀಟಿ ಇಲ್ಲ" ಎಂದರು. ನನಗೆ ಮಾತೇ ಹೊರಡಲಿಲ್ಲ. ಹೆಸರಿಗೆ ತಕ್ಕ ಹಾಗೆ ನಾನು ನಡೆದುಕೊಂಡದ್ದು ಅದೊಂದೇ ಸಲ.

ಆದರೂ ಇಟ್ಟಿಗೆ ಏಳಬೇಕಲ್ಲ. ಕೂಲಿಯವರನ್ನು ಹೊರಗಿನಿಂದ ತರೋಣ ಎಂದರೆ ಸರದಾರರು ಒಪ್ಪಲಿಲ್ಲ. ಎಲ್ಲವನ್ನೂ ಗುರುವಿಗೆ ಅರ್ಪಿಸಿಬಿಡೋಣ, ಗುರುದ್ವಾರದ ಪಾತ್ರೆಗಳನ್ನು ಎಲ್ಲರೂ ಎತ್ತುತ್ತೇವಲ್ಲ ಎಂದು ಒಬ್ಬರು ಉಪಾಯ ಹೇಳಿದರು. ಗುರುದ್ವಾರದಲ್ಲಿ ಗ್ರಂಥ ಓದುವ ಗ್ರಂಥಿ ಬಾಬಾಜಿಗೆ ಸಿಟ್ಟು ಬಂತು. "ಹೆಸರು ಗುರುವಿಂದು, ಮಲಗೋರು ನೀವು? ಈ ಊರೊಳಗ ಕಾಗದಕ್ಕ ಮೋಸ ಮಾಡಬಹುದು, ಭಾರಕ್ಕ ಮೋಸ ಮಾಡ್ಲಕ್ಕ ಬರಂಗಿಲ್ಲ" ಎಂದು ಎದ್ದು ಹೋದರು. ಕೊನೆಗೆ ನಾನೇ ಬಾಯಿ ಹಾಕಿದೆ. ಎಲ್ಲವನ್ನೂ ಒಬ್ಬರಿಗೇ ಕೊಟ್ಟುಬಿಡಿ, ಆ ಒಬ್ಬರಿಗೆ ಮಾತ್ರ ಭಾರ, ಉಳಿದವರಿಗೆಲ್ಲ ಹಗುರ. ಊರು ಕಟ್ಟಿ ಮುಗಿದ ಮೇಲೆ ಅವರು ಹಂಚಿಬಿಡಲಿ. ಹೇಳುವಾಗ ಆ ಒಬ್ಬ ನಾನೇ ಆಗಬಾರದೇಕೆ ಎಂಬ ಆಸೆ ನನ್ನ ಗಂಟಲವರೆಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ಯಾರೂ ನನ್ನ ಕಡೆ ನೋಡಲಿಲ್ಲ. ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಬಚಿಂತ್ ಕೌರರ ಮೇಲೆ ಹೋಗಿ ನಿಂತವು. ಏನನ್ನೂ ಬಯಸದ ಮನುಷ್ಯರೆಂದರೆ ಊರಿನಲ್ಲಿ ಅವರೊಬ್ಬರೇ.

ಅಕ್ಕಾಜಿ ಗೊಳೋ ಎಂದು ಅತ್ತರು. "ನಾ ಏನ್ ಪಾಪ ಮಾಡೀನಿ ಅಂತ ನನಗ ಮಾಲಕೀನ ಮಾಡ್ಲಕತ್ತೀರಿ? ನಾಳಿಂದ ಒಂದು ಬುಟ್ಟಿ ಹೊರಂಗಿಲ್ಲ ನಾ. ಎರಡು ವರ್ಷ ಹೊರಸಿನ ಮ್ಯಾಲ ಕುಂತು ಏನ್ ಮಾಡ್ಲಿ?" ಎಂದರು. ಮೈದುನ ಸಮಾಧಾನ ಮಾಡಿದ, ಸರದಾರರು ಕೈ ಮುಗಿದರು. ಕಷ್ಟವಾದ ಸೇವೆಯೂ ಸೇವೆಯೇ ಎಂದು ಗ್ರಂಥಿಯವರು ಹೇಳಿಕಳುಹಿಸಿದರು. ಅವರು ಕಣ್ಣೊರೆಸಿಕೊಂಡು, ಆಯಿತು, ನನ್ನದು ಎಂದರು. ಆ ಮಾತು ಅವರ ಬಾಯಿಂದ ಹೊರಟದ್ದೇ ತಡ, ನೂರೈವತ್ತು ಜನ ಬಗ್ಗಿ ಇಟ್ಟಿಗೆ ಎತ್ತಿದರು. ಮದುವೆ ಮನೆಯಂತೆ ಗದ್ದಲವೆದ್ದಿತು.

ಎರಡು ವರ್ಷ ಹೇಗೆ ಹೋಯಿತೋ. ಜಾಲಿ ಮರದ ಕೆಳಗೆ ಹೊರಸು ಹಾಕಿಸಿಕೊಂಡು ಅಕ್ಕಾಜಿ ಕೂತರು. ಮೊದಮೊದಲು ಕೂತಲ್ಲಿ ಕೂರಲಾರದೆ ಬೊಗಸೆ ಬೊಗಸೆ ಬೇಳೆ ತಂದು ಕಲ್ಲು ಆರಿಸುತ್ತಿದ್ದರು, ಇಡೀ ಊರಿನ ಬೇಳೆಯಲ್ಲಿ ಒಂದು ಕಲ್ಲು ಉಳಿಯಲಿಲ್ಲ. ಆಮೇಲೆ ಕಣ್ಣು ಕೆಲಸದ ಮೇಲೆ ಬಿತ್ತು. ಆ ಗೋಡೆ ಸೊಟ್ಟಗಾಯಿತು, ಈ ಕಾಲುವೆ ಬಾಳೆಯ ಬುಡ ಮುಟ್ಟುತ್ತಿಲ್ಲ, ಗ್ಯಾಸಿನ ಗುಂಡಿ ಅಡಿಗೆಮನೆಗೆ ದೂರವಾಯಿತು. ಹುಟ್ಟಿದಂದಿನಿಂದ ಯಾರಿಗೂ ಎದುರು ಮಾತಾಡದವರು ಉಜಾಗರ್ ಸಿಂಗರಿಂದಲೇ ಎರಡು ಸಲ ಗೋಡೆ ಕೆಡವಿಸಿದರು. ಅವರು ಗೊಣಗಿದರು, ಆದರೆ ಕೆಡವಿದ್ದು ಸರಿಯೇ ಆಗಿತ್ತು. ಮೊದಲ ಮಳೆಗಾಲ ಕೆರೆ ಅರ್ಧ ತುಂಬಿತು. ಎರಡನೆಯ ಮಳೆಗಾಲ ಬೆಳ್ಳಕ್ಕಿಗಳು ಬಂದವು. ಬಿಳಿ ಉಪ್ಪಿನ ಪೊರೆ ಹೊದ್ದಿದ್ದ ನೆಲದಲ್ಲಿ ಹೆಸರುಕಾಳು ಬಿತ್ತಿದ್ದೆವು, ಮಂಡಿಯೆತ್ತರ ಬಂತು.

ಮೂಲೆಯ ಮನೆಯನ್ನು ಹೆಚ್ಚುಕಡಿಮೆ ನಾನೊಬ್ಬನೇ ಕಟ್ಟಿದೆ. ಅಕ್ಕಾಜಿಯವರದ್ದಾದ್ದರಿಂದ ಎಲ್ಲ ಹಗುರ. ಅವರ ಹೊರಸು ಸರಿದು ಸರಿದು ಆ ಮನೆಯ ಮುಂದೆಯೇ ಬಂದು ನಿಂತಿತ್ತು. "ಮೌನಾ, ಕಿಟಕಿ ಕೆರಿ ಕಡೆ ಇಡು. ಒಲಿ ತುಸು ತಗ್ಗಿಗಿರಲಿ, ಕುಂತು ರೊಟ್ಟಿ ಮಾಡೋರಿಗಿ ಮಣಕಾಲು ನೋಯಬಾರದು. ಇಲ್ಲಿ ಗ್ವಾಡ್ಯಾಗ ಒಂದು ಮಾಡು ಬಿಡು, ದೀಪಕ್ಕ." ನಾನು ಹೇಳಿದ್ದೆಲ್ಲ ಮಾಡಿದೆ. ನನಗೇನು ಗೊತ್ತು, ನಾನು ಮನೆಯೊಳಗೆ ಇದ್ದವನೇ ಅಲ್ಲ. ರೊಟ್ಟಿ ಮಾಡುವವರು ಯಾರು ಎಂದು ಒಮ್ಮೆಯೂ ಕೇಳಲಿಲ್ಲ. ದಿನಾ ಕೆಲಸ ಮುಗಿಸಿ ಹೊರಡುವಾಗ ಹೊಸ್ತಿಲನ್ನು ತಟ್ಟಿ, ಇನ್ನಿಷ್ಟು ದಿನ, ಆಮೇಲೆ ನೀನು ನನಗೆ ಜಗ್ಗಬಾರದು ನೋಡು ಎಂದು ಹೇಳಿ ಬರುತ್ತಿದ್ದೆ.

ಬೈಸಾಖಿಯ ದಿನ ಹಂಚಿಕೆ. ಪ್ರತಿ ಹೊಸ್ತಿಲ ಪಕ್ಕ ಒಂದು ಇಟ್ಟಿಗೆಯನ್ನು ಹಚ್ಚದೆ ಬಿಟ್ಟಿದ್ದರು. ಚೀಟಿ ಎತ್ತಿದವರು ಮನೆಯ ಮುಂದೆ ಬಂದು ನಿಲ್ಲಬೇಕು, ಅಕ್ಕಾಜಿ "ಇದು ನಿಮ್ಮದು" ಎನ್ನಬೇಕು, ಮನೆಯವರು ಬಗ್ಗಿ ಆ ಇಟ್ಟಿಗೆ ಎತ್ತಲು ನೋಡಬೇಕು. ಏಳದಿದ್ದರೆ ಮನೆ ಅವರದಾಯಿತು. ಮೊದಲನೆಯ ಮನೆಯ ಯಜಮಾನ ಹೆಣಗಾಡಿ ಸೋತು ಹಿಂದಕ್ಕೆ ಕೂತಾಗ, "ಭಾರ ಆತು! ಭಾರ ಆತು!" ಎಂದು ಜನ ಕುಣಿದರು. ಹೀಗೆ ಮೂವತ್ತು ಮನೆ. ಕೆರೆಯನ್ನೂ ಗ್ಯಾಸಿನ ಗುಂಡಿಯನ್ನೂ ಗುರುವಿಗೆ ಒಪ್ಪಿಸಿದರು. ಅವುಗಳಲ್ಲಿ ಯಾರೂ ಮಲಗುವುದಿಲ್ಲವೆಂದು ಗ್ರಂಥಿಯವರೂ ಒಪ್ಪಿದರು. ಮೆರವಣಿಗೆ ಮೂಲೆಯ ಮನೆಗೆ ಬಂತು. ನಾನು ಹೊಸ ಅಂಗಿ ಹಾಕಿಕೊಂಡಿದ್ದೆ. ಅಕ್ಕಾಜಿ, "ಇದು ನಿಂದು, ಮೌನಾ" ಎಂದರು. ಬಗ್ಗಿದೆ. ಇಟ್ಟಿಗೆ ಹತ್ತಿಯ ಹಾಗೆ ಎದ್ದು ನನ್ನ ಕೈಗೆ ಬಂತು.

ಕೆಳಗಿಟ್ಟೆ. ಅವರು ಮತ್ತೊಮ್ಮೆ ಹೇಳಿದರು, ಈ ಸಲ ಜೋರಾಗಿ. ಮತ್ತೆ ಎದ್ದು ಬಂತು. ಮೂರನೆಯ ಸಲವೂ ಅಷ್ಟೇ. "ಕೊಟ್ಟೀನಿ, ಗುರುವಿನಾಣಿ, ಖರೇನೇ ಕೊಟ್ಟೀನಿ" ಎಂದು ಅಕ್ಕಾಜಿ ಹೇಳಿದರು. ಗ್ರಂಥಿ ಬಾಬಾಜಿ ಮೆಲ್ಲಗೆ, "ಬಾಯಿ ಕೊಟ್ಟದ ತಾಯಿ, ಮನಸ್ಸು ಬಿಟ್ಟಿಲ್ಲ" ಎಂದರು. ಅಕ್ಕಾಜಿ ಚುನ್ನಿಯಿಂದ ಮುಖ ಮುಚ್ಚಿಕೊಂಡರು.

ನನಗೆ ಬಂದ ಸಿಟ್ಟು ಇಷ್ಟೇ ಅಂತಿಲ್ಲ. ಇಡೀ ಊರಿನ ಭಾರ ಹೊತ್ತವನಿಗೆ ಒಂದು ಇಟ್ಟಿಗೆಯ ಭಾರ ಕೊಡಲು ಆಗಲಿಲ್ಲವೇ ಎಂದು ಕಣ್ಣಲ್ಲಿ ನೀರು ಬಂತು. ಆ ಇಟ್ಟಿಗೆಯನ್ನು ಕೆರೆಗೆ ಎಸೆದು, ಬಂದ ದಾರಿಯಲ್ಲೇ ಹೊರಟುಬಿಡಬೇಕೆಂದು ತಿರುಗಿದೆ ಕೂಡ. ತಿರುಗಿದಾಗ ತೆರೆದ ಬಾಗಿಲಿನಿಂದ ಒಳಗೆ ಕಂಡಿತು, ಆ ತಗ್ಗಿನ ಒಲೆ, ಆ ದೀಪದ ಮಾಡು, ಕೆರೆಯ ಕಡೆಗಿನ ಕಿಟಕಿ. ಅವುಗಳಲ್ಲಿ ನಾನು ಕೇಳಿದ್ದು ಒಂದಾದರೂ ಇತ್ತೇ? ಹೊತ್ತದ್ದು ನಾನು, ಕಟ್ಟಿದ್ದು ಅವರು. ಇಟ್ಟಿಗೆ ಹಿಡಿದೇ ಕೇಳಿದೆ, "ಅಕ್ಕಾಜಿ, ನಾಳಿಂದ ನೀವ್ ಇರೋದೆಲ್ಲಿ?"

ಮೈದುನನ ಕಡೆ ಜನ ನೋಡಿದರು. "ನಮ್ಮ ಹೊಸಾ ಮನಿಯೊಳಗೂ ಹಿಂದ ಒಂದು ಕೋಲಿ…" ಎಂದು ಅವನು ಮಾತು ಶುರುಮಾಡಿ ಅಲ್ಲೇ ನಿಲ್ಲಿಸಿದ. ಮೂವತ್ತೊಂದು ಮನೆ ಎಣಿಸಿದವರು ಅವರನ್ನು ಎಲ್ಲೂ ಎಣಿಸಿರಲಿಲ್ಲ. ಎರಡು ವರ್ಷ ಎಲ್ಲ ಮನೆಗಳ ಒಡತಿಯಾಗಿದ್ದವರಿಗೆ ಮನೆ ಬೇಕಾದೀತೆಂದು ಯಾರಿಗೂ, ನನಗೂ, ಹೊಳೆದಿರಲಿಲ್ಲ. ನಾನು ಇಟ್ಟಿಗೆಯನ್ನು ತಂದು ಅವರ ಪಾದದ ಹತ್ತಿರ ಇಟ್ಟೆ. "ಎತ್ರಿ" ಎಂದೆ. ಅವರು ಬಗ್ಗಿದರು, ಎಳೆದರು, ಮಂಡಿಯೂರಿ ಎರಡೂ ಕೈಯಲ್ಲಿ ಹಿಡಿದು ಎಳೆದರು. ಅದು ಅಲ್ಲಾಡಲಿಲ್ಲ. ಅರವತ್ತು ವರ್ಷದಲ್ಲಿ ತಮ್ಮದೆನ್ನುವ ಮನೆಯ ಒಂದು ಭಾರ ಅವರ ಕೈಗೆ ತಗುಲಿದ್ದು ಅದೇ ಮೊದಲು. "ನಿಮ್ಮದೇ ಅದ" ಎಂದು ನಾನು ಅದನ್ನೆತ್ತಿ ಹೊಸ್ತಿಲ ಪಕ್ಕ ಕೆಸರು ಹಾಕಿ ಹಚ್ಚಿಬಿಟ್ಟೆ. ಜನ ಈ ಸಲ ಕುಣಿಯಲಿಲ್ಲ. ಉಜಾಗರ್ ಸಿಂಗರು ನನ್ನ ಹೆಗಲ ಮೇಲೆ ಕೈ ಹಾಕಿ, "ಮಳಿ ಮುಗೀಲಿ, ಮೂವತ್ತೆರಡನೇದು ಹಾಕ್ತೀನಿ ಮಗಾ" ಎಂದರು. ಆ ದಿನದ ಲಂಗರಿನಲ್ಲಿ ಖೀರು ಬಹಳ ಚೆನ್ನಾಗಿತ್ತು, ಬೇಜಾರಿನಲ್ಲೂ ಮೂರು ಸಲ ಹಾಕಿಸಿಕೊಂಡೆ.

ಮಳೆಗಾಲವಿಡೀ ಗ್ಯಾಸಿನ ಗುಂಡಿಯ ಪಕ್ಕದ ಹುಲ್ಲಿನ ಚಪ್ಪರದಲ್ಲಿ ಮಲಗಿದೆ. ಅಕ್ಕಾಜಿ ಮನೆಯೊಳಗಿನದು ಏನೂ ಎತ್ತಲಾರರು, ಆದ್ದರಿಂದ ಬೆಳಗ್ಗೆ ಎದ್ದ ಕೂಡಲೇ ಅಲ್ಲಿಗೆ ಹೋಗುವುದು ರೂಢಿಯಾಯಿತು. ನೀರಿನ ಗಡಿಗೆ ಒಲೆಯ ಹತ್ತಿರ ಇಡುವುದು, ಹಿಟ್ಟಿನ ಡಬ್ಬಿ ಇಳಿಸುವುದು, ಎಮ್ಮೆಗೆ ಮೇವಿನ ಬುಟ್ಟಿ. ಆಮೇಲೆ ಅವರು ರೊಟ್ಟಿ ಬಡಿಯುವವರೆಗೂ ನಾನು ಊರ ಸುದ್ದಿ ಹೇಳುವುದು. ನಡುವೆ ಒಮ್ಮೆ ಅವರಿಗೆ ಜ್ವರ ಬಂದಾಗ ನಾಲ್ಕು ದಿನ ನಾನೇ ಅಂಬಲಿ ಕಾಯಿಸಿದೆ, ಉಪ್ಪು ಹೆಚ್ಚಾಯಿತೆಂದು ಬೈಸಿಕೊಂಡೆ. ಒಂದು ದಿನ ನಾನು ತಡಮಾಡಿದರೆ ಓಣಿಯ ತುದಿಗೆ ಬಂದು ನಿಂತಿರುತ್ತಿದ್ದರು. "ಎಲ್ಲಿ ಸತ್ತಿದ್ದಿ? ಹಾಲು ಒಡೀಲಕತ್ತಿತ್ತು" ಎನ್ನುತ್ತಿದ್ದರು. ಹಾಲು ಯಾವತ್ತೂ ಒಡೆದಿರಲಿಲ್ಲ.

ಮಳೆ ನಿಂತು ಹೆಸರು ಬಿಡಿಸುವ ಹೊತ್ತಿಗೆ ಸರದಾರರು ಮಾತಿಗೆ ತಪ್ಪದೆ ಮೂವತ್ತೆರಡನೆಯ ಮನೆಯ ಪಾಯಕ್ಕೆ ಗುರುತು ಹಾಕಿದರು. ಅವರು ಸಲಿಕೆ ಹಿಡಿದು ಪಾಯಕ್ಕೆ ಇಳಿದ ಮರುದಿನ ಬೆಳಗ್ಗೆ ನಾನು ಎಂದಿನಂತೆ ಹೋಗಿ ಗಡಿಗೆಗೆ ಕೈ ಹಾಕಿದೆ. ಏಳಲಿಲ್ಲ. ರಟ್ಟೆ ಹಿಡಿದಿರಬೇಕೆಂದು ಕೈ ಝಾಡಿಸಿ ಮತ್ತೆ ಹಿಡಿದೆ. "ಯಾಕೋ?" ಎಂದರು ಅಕ್ಕಾಜಿ ಒಲೆಯ ಮುಂದಿನಿಂದ. "ಏಳವಲ್ದು ಅಕ್ಕಾಜಿ" ಎಂದೆ. ಹಿಟ್ಟಿನ ಡಬ್ಬಿ ಹಿಡಿದೆ, ಅದೂ ಇಲ್ಲ. ಹಿಟ್ಟು ನಾದುವ ಪರಾತ, ಕೂರುವ ಮಣೆ, ಮೇವಿನ ಬುಟ್ಟಿ, ಹುಚ್ಚನಂತೆ ಒಂದೊಂದಕ್ಕೂ ಕೈ ಹಾಕುತ್ತ ಹೋದೆ. ಆ ಮನೆಯಲ್ಲಿ ಒಂದು ವಸ್ತುವೂ ನನಗೆ ಜಗ್ಗಲಿಲ್ಲ. ನನಗೆ ಅರ್ಥವಾಗುವ ಮೊದಲೇ ಅವರಿಗೆ ಆಗಿತ್ತು. ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದರು, ಕೆನ್ನೆಯ ಮೇಲೆ ಹಿಟ್ಟೂ ನೀರೂ ಕಲಸಿ ಇಳಿಯುತ್ತಿತ್ತು. ಆಮೇಲೆ ನಕ್ಕರು. "ಈಗ ಇಬ್ಬರೂ ಕೈಲಾಗದೋರೇ ಆದೆವಲ್ಲೋ ತಮ್ಮಾ. ಹೋಗು, ಯಾರಿಗರೆ ಕರಿ. ಒಲಿ ಆರ್ತದ" ಎಂದರು.

ಹೊರಗೆ ಬಂದೆ. ಉಜಾಗರ್ ಸಿಂಗರು ಸೊಂಟದವರೆಗೆ ಪಾಯದಲ್ಲಿ ನಿಂತು ಮಣ್ಣು ಎತ್ತಿ ಹಾಕುತ್ತಿದ್ದರು. "ಸರದಾರ್ಜಿ, ಅಗಿಯೋದು ಬಿಡ್ರಿ. ಬರ್ರಿ, ನಮ್ಮ ಗಡಿಗಿ ಎತ್ತಿ ಕೊಡ್ರಿ" ಎಂದು ಕೂಗಿದೆ. ಅವರು ಸಲಿಕೆ ನಿಲ್ಲಿಸಿ ಕಿವಿಗೆ ಕೈ ಹಚ್ಚಿದರು. ಕೇಳಿಸಿತ್ತು ಅವರಿಗೆ, ಸತ್ತದ್ದು ಮೂಗು, ಕಿವಿಯಲ್ಲ. ಇನ್ನೊಂದು ಸಲ ನನ್ನ ಬಾಯಿಂದ ಹೇಳಿಸಬೇಕೆಂದೇ ಕೇಳಿದರು, "ಯಾರ ಗಡಿಗಿ?"

"ನಮ್ಮದು" ಎಂದೆ.